ಮೊದಲು ಔಷಧ, ಆಮೇಲೆ ಚೀಟಿ

ಮಾನಖುರ್ದ ಕ್ಯಾಂಪು,
ತಾ. 27-11-1972

ಸಿಸ್ಟರ್ ವಾರಿಜಾ ಅವರಿಗೆ,

ನನ್ನ ಅಕ್ಷರ ನೋಡಿದ ಕೂಡಲೇ ಹರಿದುಹಾಕದೆ ಇದನ್ನು ಪೂರ್ತಿ ಓದಬೇಕೆಂದು ವಿನಂತಿ. ಹೋದ ವರ್ಷ ಜುಲೈಯಲ್ಲಿ ನಾನು ನಿಮ್ಮ ಆಸ್ಪತ್ರೆಯ ಕೆಲಸ ಬಿಟ್ಟ ಮೇಲೆ ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಹಳೆಯ ಮಾತು ಎತ್ತುವುದಕ್ಕೆ ಬರೆಯುತ್ತಿಲ್ಲ. ಕೆಲಸವಿದೆ.

ಈ ತಿಂಗಳ ಒಂಬತ್ತರಂದು ಇಲ್ಲಿ ಉಪ್ಪಿನ ಆಗರಗಳ ಪಕ್ಕದ ಝೋಪಡಪಟ್ಟಿಗೆ ಬೆಂಕಿ ಬಿದ್ದು ನಾನೂರು ಮನೆ ಸುಟ್ಟವು. ಜನರನ್ನು ಒಂದು ಮೈದಾನದಲ್ಲಿ ತಾಡಪತ್ರಿಯ ಡೇರೆಗಳಲ್ಲಿ ಇಟ್ಟಿದ್ದಾರೆ. ಪರಿಹಾರ ಸಮಿತಿಯವರು ಒಂದು ದವಾಖಾನೆ ತೆರೆದಿದ್ದಾರೆ. ಅದೂ ಡೇರೆಯೇ. ಡಾಕ್ಟರ್ ಇಂದ್ರಾಬಾಯಿ ಎಂಬವರು, ಬೆಳಗಾವಿಯವರು, ಸರಕಾರಿ ಕೆಲಸ ಮುಗಿಸಿ ದಾದರದಲ್ಲಿ ಮಗಳ ಮನೆಯಲ್ಲಿದ್ದವರು, ದಿನಾ ಬಂದು ಕೂರುತ್ತಾರೆ. ನರ್ಸ್ ಅಂದರೆ ನಾನೊಬ್ಬಳೇ. ಧಾರಾವಿಯಿಂದ ಹೋಗಿ ಬಂದು ಮಾಡುತ್ತೇನೆ.

ಹೋದ ಗುರುವಾರ ಹನುಮವ್ವ ಎಂಬ ಹೆಂಗಸು ಬಂದಳು. ಇಂಡಿ ಕಡೆಯವಳು, ಇಪ್ಪತ್ತಾರು ವರ್ಷ. ಗಂಡ ತೀರಿಕೊಂಡು ಎರಡು ವರ್ಷವಾಗಿದೆ. ಆರು ವರ್ಷದ ಮಗಳನ್ನು ಮುಂದೆ ಮಾಡಿ, ಕೂಸಿಗೆ ಕೆಮ್ಮು ಎಂದಳು. ಕೂಸಿಗೆ ಕೆಮ್ಮು ಇರಲಿಲ್ಲ. ಡಾಕ್ಟರಬಾಯಿ ಹುಡುಗಿಯ ಕೈಗೆ ಪೆಪ್ಪರಮಿಂಟು ಕೊಟ್ಟು ಹೊರಗೆ ಆಡಲು ಕಳಿಸಿದರು. ಆಗ ಹನುಮವ್ವ ಕುಳಿತುಕೊಳ್ಳಲು ಹೋಗಿ, ಕೂರಲಾಗದೆ ಎದ್ದು ನಿಂತಳು.

ಸೋಮವಾರ ಬೆಳಿಗ್ಗೆ ನೀರಿನ ಟ್ಯಾಂಕರಿನ ಜೊತೆ ಬರುವ ಗುತ್ತಿಗೆದಾರನ ಮುಕಾದಮ, ಅಂದರೆ ಮೇಸ್ತ್ರಿ, ಎರಡನೆಯ ಕೊಡ ತುಂಬಿಸಿ ಕೊಡುತ್ತೇನೆಂದು ಶೆಡ್ಡಿನ ಹಿಂದೆ ಕರೆದಿದ್ದಾನೆ. ಅಲ್ಲಿ ಬಲಾತ್ಕಾರ ಮಾಡಿದ್ದಾನೆ. ಮಂಗಳವಾರ ಅವಳೊಬ್ಬಳೇ ನಡೆದುಕೊಂಡು ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದಳು. ಪೊಲೀಸ್ ಚೀಟಿ ತಾ, ಆಮೇಲೆ ಮುಟ್ಟುತ್ತೇವೆ ಎಂದು ಕಿಟಕಿಯಿಂದಲೇ ಕಳಿಸಿದರು. ಯಾವ ಆಸ್ಪತ್ರೆ ಎಂದು ನಾನು ಕೇಳಲಿಲ್ಲ.

ಗಾಯ ತೊಳೆದು ಎರಡು ಹೊಲಿಗೆ ಹಾಕಿದೆವು. ಧನುರ್ವಾಯುವಿನ ಇಂಜೆಕ್ಷನ್ ಆಯಿತು, ಪೆನ್ಸಿಲಿನ್ ಆಯಿತು. ಆದರೆ ರೋಗ ಅಂಟಿದೆಯೇ ಎಂದು ನೋಡುವ ರಕ್ತಪರೀಕ್ಷೆ ಇಲ್ಲಿ ಆಗುವಂತಿಲ್ಲ. ಕೈಗವಸು ಎರಡೇ ಜೊತೆ ಇವೆ, ಕುದಿಸಿ ಕುದಿಸಿ ತೂತಾಗಿವೆ. ಪೊಲೀಸರ ಹೆಸರೆತ್ತಿದರೆ ಅವಳು ಎದ್ದು ಹೋಗುತ್ತಾಳೆ. ನಾನು ಕೇಳಬೇಕಾದದ್ದು ಇಷ್ಟು: ಅವಳನ್ನು ನಿಮ್ಮಲ್ಲಿಗೆ ಕರೆತಂದರೆ ಚೀಟಿ ಇಲ್ಲದೆ ನೋಡುವಿರಾ? ಆಗುವುದಿಲ್ಲವಾದರೆ ಆಗುವುದಿಲ್ಲ ಎಂದೇ ಬರೆಯಿರಿ, ಬೇರೆ ದಾರಿ ಹುಡುಕುತ್ತೇನೆ.

ಇತಿ,
ಅಖ್ತರಿ ಲಾಲಸಾಬ


ನರ್ಸುಗಳ ಕ್ವಾರ್ಟರ್ಸ್, ಪರೇಲ್,
ತಾ. 1-12-1972

ಅಖ್ತರಿ,

‘ಅವರಿಗೆ’, ‘ವಿನಂತಿ’, ‘ನೀವು’ ಎಂದೆಲ್ಲ ಬರೆದಿದ್ದೀಯ. ಮೂರು ವರ್ಷ ಹಾಸ್ಟೆಲಿನಲ್ಲಿ ಒಂದೇ ಟ್ರಂಕಿನಲ್ಲಿ ಬಟ್ಟೆ ಇಟ್ಟುಕೊಂಡವರು ನಾವು. ಇರಲಿ, ನಿನ್ನ ಇಷ್ಟ.

ಕ್ಯಾಶುವಾಲ್ಟಿಗೆ ಕರೆತರಬೇಡ. ಅಲ್ಲಿಯ ನಿಯಮ ಬದಲಾಗಿಲ್ಲ. ಬರುವ ಮಂಗಳವಾರ ಎಂಟೂವರೆಗೆ ಹೆಂಗಸರ ಓಪಿಡಿಗೆ ಬಾ. ಕೇಸ್‌ಪೇಪರ್ ಮಾಡಿಸುವಾಗ ಬಿಳಿ ಹೋಗುತ್ತದೆ, ಹೊಟ್ಟೆನೋವು ಎಂದಷ್ಟೇ ಬರೆಸು. ಎರಡನೆಯ ಟೇಬಲ್ಲಿನಲ್ಲಿ ನಾನಿರುತ್ತೇನೆ. ಆ ದಿನದ ಡಾಕ್ಟರ್ ಹೊಸಬಳು, ಕಿರಿಯವಳು, ನಾನು ಹೇಳಿದರೆ ಕೇಳುತ್ತಾಳೆ. ರಕ್ತ ನಾನೇ ತೆಗೆಯುತ್ತೇನೆ.

ಆರು ಜೊತೆ ಕೈಗವಸು, ಒಂದು ಇಕ್ಕಳ, ಒಳಪರೀಕ್ಷೆಯ ಎರಡು ಹಳೆಯ ಸ್ಪೆಕ್ಯುಲಂ ಬಟ್ಟೆಯಲ್ಲಿ ಸುತ್ತಿ ಆಂಬ್ಯುಲೆನ್ಸಿನ ಹಾಜಿಮಲಂಗ ಚಾಚಾರ ಕೈಯಲ್ಲಿ ಕಳಿಸಿದ್ದೇನೆ. ಅವು ಕಂಡೆಮ್ ಮಾಡಿ ತೆಗೆದುಹಾಕಿದ ಸಾಮಾನು. ಸ್ಟೋರಿನವರನ್ನು ಕೇಳಿಯೇ ತೆಗೆದುಕೊಂಡಿದ್ದೇನೆ, ಹೆದರಬೇಡ.

ವಾರಿಜಾ


ಮಾನಖುರ್ದ ಕ್ಯಾಂಪು,
ತಾ. 6-12-1972

ವಾರಿಜಾ,

ನಿನ್ನೆ ನೀನು ನನ್ನ ಕಡೆ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ. ಬೆಂಚಿನ ಮೇಲೆ ಕುಳಿತು ಪರದೆಯ ಕೆಳಗೆ ಕಾಣುತ್ತಿದ್ದ ನಿನ್ನ ಬೂಟುಗಳನ್ನೇ ನೋಡುತ್ತಿದ್ದೆ. ಇಪ್ಪತ್ತೈದು ನಿಮಿಷ ನಿನ್ನ ಬೂಟು ಅಲ್ಲಿಂದ ಕದಲಲಿಲ್ಲ. ಓಪಿಡಿಯಲ್ಲಿ ಒಬ್ಬ ಹೆಂಗಸಿಗೆ ಇಪ್ಪತ್ತೈದು ನಿಮಿಷ ಯಾರು ಕೊಡುತ್ತಾರೆ?

ವಾಪಸು ಬರುವಾಗ ಲೋಕಲ್‌ನಲ್ಲಿ ಚುನಾಭಟ್ಟಿ ಸ್ಟೇಷನ್ ದಾಟಿದ ಮೇಲೆ ಹನುಮವ್ವ ತಾನಾಗಿಯೇ ಹೇಳಿದಳು: “ಆ ಅಕ್ಕಾರು ಏನಾತು ಅಂತ ಕೇಳಲೇ ಇಲ್ಲ ನೋಡ್ರಿ. ಬಿಸಿನೀರಾಗ ಕೈ ಬೆಚ್ಚಗ ಮಾಡ್ಕೊಂಡು ಬಂದು ಮುಟ್ಟಿದ್ರು. ಮುಟ್ಟೂಕಿಂತ ಮೊದಲ, ಈಗ ಮುಟ್ಟತೇನಿ ಅಂತ ಹೇಳಿದ್ರು.”

ಇಲ್ಲಿಯ ಸುದ್ದಿ ನಿನಗೆ ಹೇಳದೆ ಇರಲಾಗುತ್ತಿಲ್ಲ. ಮೊದಲ ಎರಡು ವಾರ ಇಂಥ ತೊಂದರೆ ಹೇಳಿಕೊಂಡು ಒಬ್ಬಳೂ ಬಂದಿರಲಿಲ್ಲ. ಸಾಲು ಡೇರೆಯ ಮುಂದೆಯೇ ಇತ್ತಲ್ಲ, ಯಾರಿಗೆ ಏನಾಗಿದೆ ಎಂದು ಸಾಲಿನವರಿಗೆಲ್ಲ ಕೇಳಿಸುತ್ತಿತ್ತು. ಡಾಕ್ಟರಬಾಯಿ ಒಂದು ದಿನ ಸ್ಟೆಥಾಸ್ಕೋಪು ಕೆಳಗಿಟ್ಟು, “ಮುಂದಿನ ಬಾಗಲದಿಂದ ಬರಲಿಕ್ಕೆ ನಾಚಿಕಿ ಆದ್ರ ಹಿಂದೊಂದು ಬಾಗಲಾ ಮಾಡ್ರಿ. ಇದೇನು ಕಲ್ಲಿನ ಕಟ್ಟಡ ಏನ?” ಎಂದರು. ಹಿಂಬದಿಯ ತಾಡಪತ್ರಿಯ ಹೊಲಿಗೆ ಬಿಚ್ಚಿದೆವು. ನಡುವೆ ಗೋಣಿತಟ್ಟಿನ ಪರದೆ ಕಟ್ಟಿದೆವು. ನಮ್ಮ ಅಬ್ಬಾ ಚಪ್ಪಲಿಗೆ ಹಾಕುವ ದಪ್ಪ ದಾರದಿಂದ ಅದಕ್ಕೆ ಅಂಚು ಹೊಲಿದುಕೊಟ್ಟರು. ಯಾತಕ್ಕೆ ಎಂದು ಅವರು ಕೇಳಲಿಲ್ಲ, ಗಟ್ಟಿಯಾಗಿ ಹೊಲಿದಿದ್ದಾರೆ.

ಹಿಂದಿನ ಬಾಗಿಲಿನಲ್ಲಿ ರಾಚವ್ವ ಕೂರುತ್ತಾಳೆ. ಕ್ಯಾಂಪಿನಲ್ಲಿ ರೊಟ್ಟಿ ಬಡಿದು ಮಾರುವ ಮುದುಕಿ. ಯಾರಾದರೂ ಇಣುಕಿದರೆ, “ಒಳಗ ಕೂಸಿಗೆ ಔಷಧ ಹಾಕಾಕತ್ತಾರ, ಆ ಕಡೆ ನಡೀ” ಎನ್ನುತ್ತಾಳೆ. ಅವಳನ್ನು ದಾಟಿ ಗಂಡಸರು ಯಾರೂ ಬರುವುದಿಲ್ಲ.

ವಾರಿಜಾ, ಆರು ದಿನದಲ್ಲಿ ನಾಲ್ಕು ಜನ ಬಂದರು. ಒಬ್ಬಳದು ಹೋದ ವರ್ಷದ್ದು, ಗಾಯ ಒಳಗೇ ಕೀವಾಗಿ ಕೂತಿತ್ತು. ಒಬ್ಬಳು ತನಗೇನೂ ಆಗಿಲ್ಲ ಎಂದು ಅರ್ಧ ತಾಸು ಕೂತು ಚಹಾ ಕುಡಿದು ಹೋದಳು. ಅವಳು ಮತ್ತೆ ಬರುತ್ತಾಳೆ ಎಂದು ನನಗೆ ಗೊತ್ತು. ಬೆಳಿಗ್ಗೆ ನೀರಿಗೆ ಈಗ ಹೆಂಗಸರು ಹತ್ತು ಹತ್ತು ಜನ ಸೇರಿ ಹೋಗುತ್ತಾರೆ. ಅದು ರಾಚವ್ವನ ಏರ್ಪಾಡು. ಆ ಮುಕಾದಮ ಮಾತ್ರ ಇನ್ನೂ ಇದ್ದಾನೆ. ಸಮಿತಿಯವರಿಗೆ ಡಾಕ್ಟರಬಾಯಿ ಹೇಳಿದರು. ಬರವಣಿಗೆಯಲ್ಲಿ ದೂರು ಬೇಕಂತೆ. ಹನುಮವ್ವ ಬೇಡ ಎನ್ನುತ್ತಾಳೆ. ಬೇಡ ಎಂದರೆ ಬೇಡ.

ನಾನು ‘ನೀನು’ ಎಂದು ಬರೆದದ್ದು ಈಗ ಗಮನಕ್ಕೆ ಬಂತು. ಹೊಡೆದುಹಾಕಿ ತಿದ್ದುವುದಿಲ್ಲ.

ಅಖ್ತರಿ


ಪರೇಲ್,
ತಾ. 22-12-1972

ಅಖ್ತರಿ,

ಹನುಮವ್ವನ ರಕ್ತಪರೀಕ್ಷೆ ಬಂದಿದೆ, ದೋಷವಿಲ್ಲ. ಆದರೆ ಮೂರು ತಿಂಗಳಿಗೆ ಇನ್ನೊಮ್ಮೆ ಮಾಡಿಸಲೇಬೇಕು, ಮರೆಯಬೇಡ.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ನನ್ನ ಡ್ಯೂಟಿಯ ಮೇಲೆ ಅದರ ಪರಿಣಾಮವಾಗಿದೆ. ಓಪಿಡಿಯ ಮೂಲೆಯಲ್ಲಿ ಮುರಿದ ಅಲಮಾರು ಇತ್ತಲ್ಲ, ಅದನ್ನು ಆಯಾ ಅಂಬವ್ವನ ಜೊತೆ ಸೇರಿ ನೂಕಿ ಗೋಡೆಗೆ ಅಡ್ಡ ಮಾಡಿದೆ. ಅದರ ಹಿಂದೆ ಒಂದು ಸ್ಟೂಲು, ಒಂದು ಬಕೀಟು, ಒಂದು ಟವೆಲ್. ಯಾರಾದರೂ ಹೊಟ್ಟೆನೋವು ಎಂದು ಹೇಳಿ ನನ್ನ ಮುಖ ನೋಡದೆ ನಿಂತರೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಏನೂ ಕೇಳುವುದಿಲ್ಲ. ‘ಇಲ್ಲಿ ಯಾರೂ ಬರುವುದಿಲ್ಲ’ ಎಂದು ಹೇಳಿ ನಿಂತುಕೊಳ್ಳುತ್ತೇನೆ. ಇದೇ ಹದಿನೈದು ದಿನದಲ್ಲಿ ಮೂವರು ಮಾತಾಡಿದರು. ಒಬ್ಬಳು ಗಿರಣಿಯಲ್ಲಿ ಕೆಲಸ ಮಾಡುವವಳು, ಒಬ್ಬಳು ಮನೆಕೆಲಸದವಳು, ಒಬ್ಬಳು ಕಾಲೇಜಿಗೆ ಹೋಗುವ ಹುಡುಗಿ. ಏಳು ವರ್ಷ ಇದೇ ಕೋಣೆಯಲ್ಲಿ ನಾನು ಏನು ನೋಡುತ್ತಿದ್ದೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಮಾಟುಂಗಕ್ಕೆ ಹೋಗಿದ್ದಾಗ ಅಮ್ಮನಿಗೆ, ಬೆಂಕಿಯಲ್ಲಿ ಎಲ್ಲ ಕಳೆದುಕೊಂಡ ಹೆಂಗಸರಿಗೆ ಮೆತ್ತಗಿನ ಹಳೆಯ ಸೀರೆ ಬೇಕು ಎಂದೆ. “ಉಡ್ಲಿಕ್ಕಾ, ಬೇರೆ ಎಂತಕ್ಕಾದ್ರೂ ಉಂಟಾ?” ಎಂದು ಕೇಳಿದರು. ಬೇರೆಯದಕ್ಕೆ ಎಂದೆ. ಅಮ್ಮ ಬಿಲ್ಡಿಂಗಿನ ಎಲ್ಲ ಮನೆಗೂ ಹೋಗಿ ಬಂದರು. ಎರಡು ದೊಡ್ಡ ಗಂಟು ಆಗಿದೆ. ಒಗೆದು, ಚೌಕಾಕಾರಕ್ಕೆ ಹರಿದು, ಮಡಿಸಿ ಇಟ್ಟಿದ್ದಾರೆ. ಹಾಜಿಮಲಂಗ ಚಾಚಾ ಸೋಮವಾರ ತರುತ್ತಾರೆ.

ಆ ನಾಲ್ಕನೆಯವಳು, ಚಹಾ ಕುಡಿದು ಹೋದವಳು, ಮತ್ತೆ ಬಂದಳೇ?

ವಾರಿಜಾ


ಮಾನಖುರ್ದ ಕ್ಯಾಂಪು,
ತಾ. 11-1-1973

ವಾರಿಜಾ,

ಅವಳು ಬಂದಳು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಇದು ಅವಸರದ ಪತ್ರ.

ಹನುಮವ್ವ ಗರ್ಭಿಣಿ. ಡಿಸೆಂಬರದಲ್ಲಿ ಮುಟ್ಟು ತಪ್ಪಿದಾಗ, ಊಟ ಸರಿ ಇಲ್ಲ, ಗಾಬರಿ, ಅದಕ್ಕೇ ಇರಬೇಕೆಂದು ನಾನೇ ಸಮಾಧಾನ ಹೇಳಿದ್ದೆ. ಈಗ ಡಾಕ್ಟರಬಾಯಿ ಪರೀಕ್ಷೆ ಮಾಡಿದರು. ಒಂಬತ್ತು ವಾರ ದಾಟಿದೆ.

ಸಮಾಧಾನ ಹೇಳಿದ ಬಾಯಿ ನನ್ನದು. 

ಅವಳು ಅಳಲಿಲ್ಲ. “ನಮ್ಮಪ್ಪ ಊರಾಗ ಅದಾನ್ರಿ. ಇದು ಅವಗ ಗೊತ್ತಾದ್ರ ನಾ ಇರಾಕಿಲ್ಲ. ನನ್ನ ಮಗಳನ್ನ ನೀವ ಇಟ್ಕೋರಿ” ಎಂದಳು. ನಿನ್ನೆ ನೆರೆಯ ಡೇರೆಯವಳು ಯಾವುದೋ ಬೇರು ತಂದುಕೊಡುತ್ತೇನೆ ಎಂದದ್ದನ್ನು ರಾಚವ್ವ ಕೇಳಿಸಿಕೊಂಡಿದ್ದಾಳೆ. ಈಗ ರಾಚವ್ವ ಅವಳ ಡೇರೆಯಲ್ಲೇ ಮಲಗುತ್ತಾಳೆ.

ಹೋದ ಏಪ್ರಿಲಿನಿಂದ ಹೊಸ ಕಾನೂನು ಬಂದಿದೆ, ಆಸ್ಪತ್ರೆಯಲ್ಲಿ ತೆಗೆಸಬಹುದು ಎಂದು ಡಾಕ್ಟರಬಾಯಿ ಹೇಳುತ್ತಾರೆ. ಅವರೇ ಅವಳನ್ನು ಕರೆದುಕೊಂಡು ಇಲ್ಲಿಗೆ ಹತ್ತಿರದ ಒಂದು ಆಸ್ಪತ್ರೆಗೆ ಹೋದರು. ಅಲ್ಲಿಯ ಗುಮಾಸ್ತ ಬಲಾತ್ಕಾರ ಎನ್ನುವುದಕ್ಕೆ ಪೊಲೀಸ್ ಕಾಗದ ಬೇಕು, ಗಂಡನಿಲ್ಲದಿದ್ದರೆ ತಂದೆಯ ಸಹಿ ಬೇಕು ಎಂದು ಕೂತುಬಿಟ್ಟ. ಹನ್ನೆರಡು ವಾರ ದಾಟಿದರೆ ಇಬ್ಬರು ಡಾಕ್ಟರು ಬೇಕಂತೆ, ಆಗ ಮತ್ತೂ ಕಷ್ಟ. ನಮಗೆ ಹದಿನೆಂಟು ದಿನ ಇದೆ.

ನಿನ್ನ ಆಸ್ಪತ್ರೆಯಲ್ಲಿ ಕೇಳಿ ನೋಡು.

ಅಖ್ತರಿ


ಪರೇಲ್,
ತಾ. 17-1-1973

ಅಖ್ತರಿ, ಅಖ್ತರಿ,

ಆಗುತ್ತದೆ. ಮೊದಲು ಅದನ್ನು ಓದಿಕೋ, ಹನುಮವ್ವನಿಗೆ ಹೇಳಿ ಬಾ, ಆಮೇಲೆ ಉಳಿದದ್ದು ಓದು.

ನಿನ್ನ ಕಾಗದ ಶುಕ್ರವಾರ ಸಿಕ್ಕಿತು. ನಮ್ಮ ಆಫೀಸಿನವನೂ ನಿಮ್ಮ ಗುಮಾಸ್ತ ಹೇಳಿದ್ದನ್ನೇ ಹೇಳಿದ. ಎಲ್ಲಿ ಬರೆದಿದೆ ತೋರಿಸಿ ಎಂದೆ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ ಎಂದ. ಆ ಮಾತು ತಲೆಯೊಳಗೆ ಕೂತುಬಿಟ್ಟಿತು. ಏಳು ವರ್ಷದಿಂದ ನಿಯಮ, ನಿಯಮ ಎಂದು ಹೇಳುತ್ತ ಬಂದವಳು ನಾನು. ಒಂದೇ ಒಂದು ಸಲವಾದರೂ ಅದನ್ನು ಕಣ್ಣಿಂದ ಓದಿದ್ದೇನೆಯೇ?

ಸೋಮವಾರ ನನಗೆ ರಜೆ. ಲೋಕಲ್ ಹತ್ತಿ ಫೋರ್ಟಿಗೆ ಹೋದೆ. ಕೋರ್ಟಿನ ಹತ್ತಿರ ಕಾನೂನು ಪುಸ್ತಕ ಮಾರುವ ಅಂಗಡಿಯಿದೆ. ಗರ್ಭಪಾತದ ಹೊಸ ಕಾನೂನು ಕೊಡಿ ಎಂದು ಕೇಳುವಾಗ ನನ್ನ ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಅಂಗಡಿಯವನು ಎರಡು ಸಲ ಏನು ಎಂದು ಕೇಳಿದ. ಮೂರನೆಯ ಸಲ ಜೋರಾಗಿಯೇ ಹೇಳಿದೆ. ಅಲ್ಲಿದ್ದ ಇಬ್ಬರು ವಕೀಲರು ತಿರುಗಿ ನೋಡಿದರು. ನೋಡಲಿ.

ತೆಳ್ಳಗಿನ ಪುಸ್ತಕ, ಏಳೆಂಟು ಪುಟ. ಅಪ್ಪ ಗಲ್ಲಾದಲ್ಲಿ ಕೂರುವ ಹೋಟೆಲು ಅಲ್ಲೇ ಹಿಂದಿನ ಬೀದಿಯಲ್ಲಿ. ಮೂಲೆಯ ಟೇಬಲ್ಲಿನಲ್ಲಿ ಕೂತು ಓದತೊಡಗಿದೆ. ಅಪ್ಪ ಕಾಫಿ ಕಳಿಸಿ, ಸ್ವಲ್ಪ ಹೊತ್ತಿಗೆ ತಾವೇ ಎದ್ದು ಬಂದರು.

“ಎಂತ ಓದುವುದು, ಪರೀಕ್ಷೆ ಉಂಟಾ?”

“ಹೌದಪ್ಪ.”

“ಹಾಗಾದ್ರೆ ಇನ್ನೊಂದು ಕಾಫಿ ಕುಡಿ.”

ಮೂರನೆಯ ಸೆಕ್ಷನ್ನಿನಲ್ಲಿ ಇದೆ, ಅಖ್ತರಿ. ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ. ಬಲಾತ್ಕಾರದಿಂದ ಗರ್ಭ ನಿಂತಿದೆ ಎಂದು ಗರ್ಭಿಣಿ ಹೇಳಿದರೆ, ಅದರ ಸಂಕಟದಿಂದ ಆಕೆಯ ಮನಸ್ಸಿಗೆ ಭಾರೀ ಪೆಟ್ಟು ಬಿದ್ದಿದೆ ಎಂದೇ ತಿಳಿಯತಕ್ಕದ್ದು. ಗರ್ಭಿಣಿ ಹೇಳಿದರೆ. ಪೊಲೀಸರು ಹೇಳಿದರೆ ಎಂದಿಲ್ಲ, ಕೋರ್ಟು ಹೇಳಿದರೆ ಎಂದಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ, ಕಾಫಿ ಆರಿತ್ತು. ಮುಂದಿನದನ್ನೂ ಕೇಳು. ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನವಿರುವ ಹೆಂಗಸಾದರೆ ಅವಳ ಒಪ್ಪಿಗೆ ಒಂದೇ ಸಾಕು. ತಂದೆಯ ಹೆಸರಿಲ್ಲ, ಗಂಡನ ಹೆಸರಿಲ್ಲ. ಎಷ್ಟು ಸಲ ಹುಡುಕಿದರೂ ಇಲ್ಲ.

ಇವತ್ತು ಬೆಳಿಗ್ಗೆ ರೌಂಡ್ ಮುಗಿದ ಮೇಲೆ ನಮ್ಮ ಯೂನಿಟ್ಟಿನ ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಅವರು ನಿಂತುಕೊಂಡೇ, “ಏನು ಸಿಸ್ಟರ್, ರಜೆ ಬೇಕೇ?” ಎಂದರು. ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟೆ.  ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅವರು ಕನ್ನಡಕ ಹಾಕಿ ಓದಿದರು. ಮತ್ತೆ ಓದಿದರು. ಆಫೀಸಿನವನನ್ನು ಕರೆದು, “ತಂದೆಯ ಸಹಿ ಬೇಕೆಂದು ನಿನಗೆ ಯಾರು ಹೇಳಿದ್ದು?” ಎಂದು ಕೇಳಿದರು. ಅವನು ಮೊದಲಿನಿಂದಲೂ ಹೀಗೆಯೇ ಸಾರ್ ಎಂದ. “ಕಾನೂನು ಬಂದು ವರ್ಷವೂ ಆಗಿಲ್ಲ, ಮೊದಲಿನಿಂದ ಎಲ್ಲಿಯದು?” ಎಂದರು.

ಬುಧವಾರ, 24ಕ್ಕೆ ತಾರೀಕು ಕೊಟ್ಟಿದ್ದಾರೆ. ಹಿಂದಿನ ಸಂಜೆ ಭರ್ತಿ. ಡಾಕ್ಟರ್ ಇಂದ್ರಾಬಾಯಿಯವರ ಪತ್ರ ಒಂದು ಇರಲಿ. ಹನುಮವ್ವ ತನ್ನ ಬಾಯಿಂದ ಒಂದು ಸಲ ಹೇಳಬೇಕಾಗುತ್ತದೆ, ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ಹೇಳುವಾಗ ಕೋಣೆಯಲ್ಲಿ ದೊಡ್ಡ ಡಾಕ್ಟರೂ ನಾನೂ ಮಾತ್ರ ಇರುತ್ತೇವೆ. ಗಂಡಸರ ಮುಂದೆ ಹೇಳಲಾರೆ ಎಂದರೆ ಓಪಿಡಿಯ ಆ ಕಿರಿಯ ಡಾಕ್ಟರಳನ್ನು ಕರೆಸುತ್ತೇನೆ, ಅದನ್ನೂ ಕೇಳಿಟ್ಟಿದ್ದೇನೆ. ಮಗಳನ್ನು ಎಲ್ಲಿ ಬಿಡುತ್ತಾಳೆ? ಮಾಟುಂಗಕ್ಕೆ ಕಳಿಸು, ಅಮ್ಮ ನೋಡಿಕೊಳ್ಳುತ್ತಾರೆ.

ನಿನ್ನ
ವಾರಿಜಾ


ಮಾನಖುರ್ದ ಕ್ಯಾಂಪು,
ತಾ. 27-1-1973

ವಾರಿಜಾ,

ಹನುಮವ್ವ ಚೆನ್ನಾಗಿದ್ದಾಳೆ. ಜ್ವರವಿಲ್ಲ, ರಕ್ತಸ್ರಾವ ಮಾಮೂಲಿನಷ್ಟೇ ಇದೆ. ಮಾತ್ರೆಗಳನ್ನು ನಾನೇ ಎದುರಿಗೆ ನಿಂತು ನುಂಗಿಸುತ್ತಿದ್ದೇನೆ. ಮಗಳಿಗೆ ನಿನ್ನ ಅಮ್ಮ ಎರಡು ಜಡೆ ಹಾಕಿ ಕಳಿಸಿದ್ದರು. ಅವಳು ನೀರು ಬಿದ್ದರೆ ಜಡೆ ಬಿಚ್ಚಬೇಕಾಗುತ್ತದೆಂದು ಮೂರು ದಿನದಿಂದ ತಲೆಸ್ನಾನಕ್ಕೆ ಸಿಗುತ್ತಿಲ್ಲ.

ಮಂಗಳವಾರ ಸಂಜೆ ನೀನು ಅವಳನ್ನು ಒಳಗೆ ಕರೆದುಕೊಂಡು ಹೋದಾಗ ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗೆ ಅವಳು ಏನು ಹೇಳಿದಳೆಂದು ನಾನು ಕೇಳಲಿಲ್ಲ. ಆದರೆ ನಿನ್ನೆ ಅವಳೇ ರಾಚವ್ವನಿಗೆ ಹೇಳುತ್ತಿದ್ದಳು: “ನಾ ಹೇಳಿದ್ಯಾ. ಕನ್ನಡಕದ ಡಾಕ್ಟರು ಬರಕೊಂಡ್ರು. ಖರೇ ಏನ ಅಂತ ಒಮ್ಮೆ ಸುದ್ದಾ ಕೇಳಲಿಲ್ಲಬೇ.” ರಾಚವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಮತ್ತ ಏನ ಕೇಳ್ಯಾರು? ನೀ ಹೇಳಿದ್ದು ಕಿವೀಲೆ ಕೇಳ್ಯಾರಲ್ಲ” ಎಂದಳು.

ರಾಚವ್ವ, ಬೇರು ತರುತ್ತೇನೆಂದ ಆ ನೆರೆಯವಳು ಬಿಟ್ಟರೆ ಕ್ಯಾಂಪಿನಲ್ಲಿ ಯಾರಿಗೂ ಗೊತ್ತಿಲ್ಲ. ಗರ್ಭಕೋಶದಲ್ಲಿ ಗಡ್ಡೆ ಇತ್ತು, ತೆಗೆದರು ಎಂದು ಡಾಕ್ಟರಬಾಯಿ ಸಾರಿಬಿಟ್ಟಿದ್ದಾರೆ.

ಬುಧವಾರ ಮಧ್ಯಾಹ್ನ ನೀನು ಆಪರೇಷನ್ ಥಿಯೇಟರಿನಿಂದ ಹೊರಗೆ ಬಂದು, ಟೋಪಿ ತೆಗೆದು, ಆಯಿತು ಎಂದೆ. ಆಗ ನಾನು ನಿನ್ನ ತೋಳು ಹಿಡಿದುಕೊಂಡೆ. ಏನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನಿನ್ನನ್ನು ಯಾರೋ ಕರೆದರು. ಎಪ್ಪತ್ತೊಂದರ ಜುಲೈಯಲ್ಲಿ ವಾರ್ಡಿನವರೆಲ್ಲರ ಮುಂದೆ ನಾನು ನಿನಗೆ ಅಂದ ಮಾತಿದೆಯಲ್ಲ. ಪೊಲೀಸ್ ಚೀಟಿ ಇಲ್ಲದೆ ಬಂದ ಆ ತಾಯಿ, ಆ ಹುಡುಗಿ ವಾಪಸು ಹೋದ ಸಿಟ್ಟು ನನಗೆ ಇವತ್ತಿಗೂ ಇದೆ. ಆದರೆ ಆ ಚೀಟಿಯ ನಿಯಮ ನೀನು ಮಾಡಿದ್ದಲ್ಲ. ನಿನಗೆ ಮನುಷ್ಯರು ಕಾಣುವುದಿಲ್ಲ ಎಂದೆ. ಅದು ಸುಳ್ಳು. ತಪ್ಪು ನನ್ನದು.

ನಿನ್ನ
ಅಖ್ತರಿ


ಪರೇಲ್,
ತಾ. 12-2-1973

ಅಖ್ತರಿ,

ಉತ್ತರ ಬರೆಯಲು ಹದಿನೈದು ದಿನ ಬೇಕಾಯಿತು. ಎರಡು ಸಲ ಬರೆದು ಹರಿದೆ.

ನೀನು ತಪ್ಪು ನಿನ್ನದು ಎಂದು ಬರೆದಿದ್ದೀಯ. ಅಂದು ನೀನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಹುಡುಗಿಗೆ ಹದಿನೈದಿರಬೇಕು, ನೀಲಿ ಲಂಗ ಉಟ್ಟಿದ್ದಳು. ಚೀಟಿ ತನ್ನಿ ಎಂದು ನಾನು ಹೇಳುವಾಗ ಅವಳ ಕಡೆ ನೋಡದೆ ತಾಯಿಯ ಕಡೆ ನೋಡಿ ಹೇಳಿದೆ. ಹುಡುಗಿಯನ್ನು ನೋಡಿದ್ದರೆ ಹೇಳಲಾಗುತ್ತಿರಲಿಲ್ಲ ಎಂದು ಆಗಲೇ ನನಗೆ ಗೊತ್ತಿತ್ತು.

ನೀನು ಕೆಲಸ ಬಿಟ್ಟು ಹೋದ ಮರುವಾರ ನಾನು ಅವರನ್ನು ಹುಡುಕಿಕೊಂಡು ಹೋದೆ. ಕೇಸ್‌ಪೇಪರಿನ ಕಿಟಕಿಯಲ್ಲಿ ಅವರು ವಿಳಾಸ ಬರೆಸಿದ್ದರು, ಲಾಲಬಾಗಿನ ಒಂದು ಚಾಳಿನ ಕೋಣೆ. ಬೀಗ ಹಾಕಿತ್ತು. ಮತ್ತೆ ಹೋದೆ. ಮೂರನೆಯ ಸಲ ಹೋದಾಗ ಅಲ್ಲಿ ಬೇರೆ ಸಂಸಾರವಿತ್ತು. ಅವರು ಎಲ್ಲಿಗೆ ಹೋದರೆಂದು ಯಾರಿಗೂ ತಿಳಿಯದು. ನಿನಗೆ ಹೇಳಬೇಕೆಂದಿದ್ದೆ. ಹೇಳಿದರೆ ನೀನು ಕ್ಷಮಿಸುತ್ತೀಯ ಎಂಬ ಭಯವಿತ್ತು. ನನಗೆ ಅದು ಬೇಡವಾಗಿತ್ತು.

ಇಷ್ಟೇ ಆ ವಿಷಯ.

ಈಗ ಹೊಸದು. ನನ್ನನ್ನು ಓಪಿಡಿಯಿಂದ ತೆಗೆದು ಚರ್ಮರೋಗದ ವಾರ್ಡಿಗೆ ಹಾಕಿದ್ದಾರೆ. ಆಫೀಸಿನ ಕೆಲಸದಲ್ಲಿ ಕೈ ಹಾಕಿದೆ ಎಂದು ಮೇಟ್ರನ್ ಹತ್ತಿರ ದೂರು ಹೋಗಿತ್ತಂತೆ. ನೀನು ಸಿಟ್ಟಾಗಬೇಡ, ನಾನು ಆಗಿಲ್ಲ. ಯಾಕೆಂದರೆ ನನ್ನ ಜಾಗಕ್ಕೆ ಬಂದ ಹುಡುಗಿಗೆ ಎಲ್ಲ ತೋರಿಸಿಕೊಟ್ಟೇ ಬಂದೆ. ಅಲಮಾರಿನ ಹಿಂದಿನ ಸ್ಟೂಲನ್ನು ಯಾರೂ ತೆಗೆದಿಲ್ಲ. ದೊಡ್ಡ ಡಾಕ್ಟರು ಆ ಪುಸ್ತಕವನ್ನು ವಾಪಸು ಕೊಡಲಿಲ್ಲ, ತಮ್ಮ ಮೇಜಿನ ಗಾಜಿನ ಕೆಳಗೆ ಮೂರನೆಯ ಸೆಕ್ಷನ್ನಿನ ಪುಟವನ್ನು ಬಿಡಿಸಿ ಇಟ್ಟುಕೊಂಡಿದ್ದಾರೆ. ನನಗೆ ಇನ್ನೊಂದು ಪ್ರತಿ ಕೊಳ್ಳಬೇಕಾಯಿತು. ಈ ಸಲ ಅಂಗಡಿಯವನು ಒಂದೇ ಸಲಕ್ಕೆ ತೆಗೆದುಕೊಟ್ಟ.

ಚರ್ಮರೋಗದ ವಾರ್ಡಿನಲ್ಲಿ ನನಗೆ ಭಾನುವಾರ ರಜೆ. ನಾನು ಅಲ್ಲಿಗೆ ಬಂದರೆ ಡಾಕ್ಟರಬಾಯಿಯವರಿಗೆ ಅಡ್ಡಿಯಿಲ್ಲ ತಾನೆ?

ನಿನ್ನ
ವಾರಿಜಾ


ಮಾನಖುರ್ದ ಕ್ಯಾಂಪು,
ತಾ. 21-3-1973

ವಾರಿಜಾ,

ಮೊನ್ನೆ ಭಾನುವಾರ ನೀನು ಬರಲಿಲ್ಲ. ಅಮ್ಮನಿಗೆ ಜ್ವರ ಎಂದು ಚಾಚಾ ಹೇಳಿದರು. ಈಗ ಹೇಗಿದ್ದಾರೆ? ಐದು ವಾರದಲ್ಲಿ ನೀನು ತಪ್ಪಿಸಿದ್ದು ಅದೊಂದೇ ಭಾನುವಾರ, ಎಲ್ಲ ಶುರುವಾದದ್ದೂ ಅಂದೇ. ಅದಕ್ಕೆ ಕ್ರಮವಾಗಿ ಬರೆಯುತ್ತೇನೆ.

ಕ್ಯಾಂಪು ಮುಂದಿನ ತಿಂಗಳು ಎತ್ತುತ್ತಾರೆ, ಎಲ್ಲರಿಗೂ ಜಾಗ ಗುರುತು ಮಾಡಿದ್ದಾರೆ. ಅಲ್ಲಿಗೂ ನೀರು ತರುವ ಗುತ್ತಿಗೆ ಅದೇ ಗುತ್ತಿಗೆದಾರನದು, ಮುಕಾದಮನೂ ಆ ಹಳೆಯವನೇ. ಭಾನುವಾರ ಬೆಳಿಗ್ಗೆ ನೀರಿನ ಸಾಲಿನಲ್ಲಿ ಅವನು ರಾಚವ್ವನ ಮೊಮ್ಮಗಳ ಹತ್ತಿರ ನಿಂತು, ನಿನಗೆ ಎರಡು ಕೊಡ ತುಂಬಿಸುತ್ತೇನೆ ಬಾ ಎಂದ. ಹುಡುಗಿಗೆ ಹದಿನಾಲ್ಕು. ಹನುಮವ್ವ ಅವಳ ಹಿಂದೆಯೇ ಇದ್ದಳು. ಹುಡುಗಿಯ ಕೈ ಹಿಡಿದು ಸಾಲಿನಿಂದ ಹೊರಗೆ ಎಳೆದುಕೊಂಡು ನೇರವಾಗಿ ನಮ್ಮ ಡೇರೆಗೆ ಬಂದಳು. ಹಿಂದಿನ ಬಾಗಿಲಿನಿಂದಲ್ಲ, ಮುಂದಿನಿಂದ.

“ಅಕ್ಕಾರ, ನಾಳೆ ಪೊಲೀಸರ ಕಡೆ ಹೋಗೂಣು.”

ನಾನು ಅವಸರ ಮಾಡಬೇಡ, ಕೂತುಕೋ ಎಂದೆ. ಅವಳು ಕೂರಲಿಲ್ಲ.

“ಅವತ್ತ ಹೋಗಿದ್ರ ನನಗ ನಿಂದರಾಕ ಆಗತಿರಲಿಲ್ಲ. ಈಗ ನಿಂದರತೇನಿ.”

ಡಾಕ್ಟರಬಾಯಿ ಪೆಟ್ಟಿಗೆ ತೆಗೆದು ಅವಳ ಕಾಗದಗಳನ್ನೆಲ್ಲ ಹೊರಗಿಟ್ಟರು. ನವೆಂಬರ 23ರಂದು ಬರೆದ ಗಾಯದ ವಿವರ, ನಿನ್ನ ಓಪಿಡಿಯ ಕೇಸ್‌ಪೇಪರ್, ಜನವರಿಯದು, ಎಲ್ಲ ಇತ್ತು. ಒಂದೊಂದನ್ನೂ ಅವಳಿಗೆ ಓದಿ ಹೇಳಿದರು. ಇದರಲ್ಲಿ ಯಾವುದು ತೋರಿಸುವುದು, ಯಾವುದು ಬೇಡ ಎಂದು ಕೇಳಿದರು. ಅವಳು ಜನವರಿಯ ಕಾಗದದ ಮೇಲೆ ತುಂಬ ಹೊತ್ತು ಕೈ ಇಟ್ಟುಕೊಂಡಿದ್ದಳು. ಆಮೇಲೆ ಎಲ್ಲಾನೂ ತೋರಸ್ರಿ ಎಂದಳು. ಊರಿನಲ್ಲಿರುವ ಅಪ್ಪನಿಗೆ ಗೊತ್ತಾದರೆ ಎಂದು ನಾನು ಕೇಳಿದೆ. “ಗೊತ್ತಾಗಲಿ. ನಾ ಅವನ ಮನಿಗೆ ಹೋಗೂದಿಲ್ಲ. ನನ್ನ ಮನಿ ಇಲ್ಲಿ ಗುರುತು ಮಾಡ್ಯಾರ.”

ಸೋಮವಾರ ಹತ್ತು ಗಂಟೆಗೆ ಹೊರಟೆವು. ಹನುಮವ್ವ, ಡಾಕ್ಟರಬಾಯಿ, ನಾನು, ರಾಚವ್ವ, ಇಷ್ಟೇ ಎಂದುಕೊಂಡಿದ್ದೆವು. ಮೈದಾನದ ತುದಿಗೆ ಬರುವಷ್ಟರಲ್ಲಿ ಇನ್ನೂ ಏಳು ಜನ ಸೀರೆ ಸರಿಮಾಡಿಕೊಳ್ಳುತ್ತ ನಿಂತಿದ್ದರು. ಅವರಲ್ಲಿ ನಿನ್ನ ನಾಲ್ಕನೆಯವಳೂ ಇದ್ದಳು, ಚಹಾದವಳು. ಅವಳ ಹೆಸರು ನಜಮುನ್ನೀಸಾ.

ಇನ್‌ಸ್ಪೆಕ್ಟರ್ ಮೊದಲು ನಾಲ್ಕು ತಿಂಗಳು ಏನು ಮಾಡುತ್ತಿದ್ದಿರಿ ಎಂದು ಕೇಳಿದ. ಡಾಕ್ಟರಬಾಯಿ, “ಚಿಕಿತ್ಸೆ ಮಾಡುತ್ತಿದ್ದೆವು” ಎಂದು ಕಾಗದಗಳನ್ನು ಮೇಜಿನ ಮೇಲೆ ಇಟ್ಟರು. ಇಷ್ಟೊಂದು ಜನ ಯಾಕೆ, ಹೊರಗೆ ಹೋಗಿ ಎಂದ. ರಾಚವ್ವ ತನ್ನ ಒಡಕು ಮರಾಠಿಯಲ್ಲಿ, ನಮಗೆ ಕುರ್ಚಿ ಬೇಡ, ನೆಲದ ಮೇಲೆ ಕೂರುತ್ತೇವೆ ಎಂದು ಕೂತೇಬಿಟ್ಟಳು. ಉಳಿದವರೂ ಕೂತರು. ಕಾನ್‌ಸ್ಟೇಬಲ್ ಅವರ ಕಾಲು ದಾಟಿಕೊಂಡು ಓಡಾಡಬೇಕಾಯಿತು. ಹನುಮವ್ವನೊಬ್ಬಳು ನಿಂತುಕೊಂಡೇ ಹೇಳಿದಳು. ನಾನು ಹಿಂದಿಯಲ್ಲಿ ಹೇಳುತ್ತ ಹೋದೆ. ಒಂದು ಕಡೆ ನನ್ನ ಬಾಯಿ ತಡವರಿಸಿತು, ಮಾತನ್ನು ಸ್ವಲ್ಪ ಮೆತ್ತಗೆ ಮಾಡಿದೆ. ಅವಳು ನನ್ನ ತೋಳು ತಟ್ಟಿ, “ಅಲ್ರಿ ಅಕ್ಕಾರ, ನಾ ಹಂಗಂದಿಲ್ಲ. ನಾ ಅಂದಿದ್ದ ಹೇಳ್ರಿ” ಎಂದಳು. ಹಾಗೆಯೇ ಹೇಳಿದೆ. ಅವನು ಬರೆದ. ನಾಲ್ಕು ಗಂಟೆಯವರೆಗೆ ಬರೆದ.

ನಿನ್ನೆ ಬೆಳಿಗ್ಗೆ ಟ್ಯಾಂಕರ್ ಹತ್ತಿರದಿಂದಲೇ ಮುಕಾದಮನನ್ನು ಹಿಡಿದುಕೊಂಡು ಹೋದರು. ಕೋರ್ಟಿನಲ್ಲಿ ಏನಾಗುತ್ತದೋ ನನಗೆ ಗೊತ್ತಿಲ್ಲ, ಡಾಕ್ಟರಬಾಯಿಯವರಿಗೂ ಗೊತ್ತಿಲ್ಲ. ನಿನ್ನನ್ನೂ ಕರೆಸುತ್ತಾರಂತೆ. ಬರುತ್ತೀಯಲ್ಲ?

ಸೋಮವಾರ ಠಾಣೆಯಿಂದ ಹೊರಗೆ ಬಂದು ಬಸ್ ಸ್ಟಾಪಿನ ತನಕ ನಡೆದೆವು. ಬಸ್ಸು ಬಂತು, ಹತ್ತಿದೆವು. ಹಿಂದಿನ ಅರ್ಧ ಬಸ್ಸು ನಮ್ಮಿಂದಲೇ ತುಂಬಿತು. ಹನುಮವ್ವ ಕಿಟಕಿಯ ಪಕ್ಕ ಕೂತು ಗಾಳಿಗೆ ಸೆರಗು ಬಿಟ್ಟುಕೊಂಡಳು. ಅಲ್ಲಿಂದ ಶುರುವಾಯಿತು ನೋಡು ಮಾತು, ಎಲ್ಲರೂ ಒಟ್ಟಿಗೆ. ಇನ್‌ಸ್ಪೆಕ್ಟರನ ಮೀಸೆ, ಕಾನ್‌ಸ್ಟೇಬಲ್ಲನ ಪಜೀತಿ, ಹನುಮವ್ವ ನನ್ನನ್ನು ತಿದ್ದಿದ್ದು. ಕಂಡಕ್ಟರ್ ಬಂದು ಹಿಂದಿಯಲ್ಲಿ ನಗುತ್ತ ಕೇಳಿದ, “ಇಷ್ಟು ಜನ ಎಲ್ಲಿಗೆ ಹೋಗಿ ಬಂದಿರಿ ಬಾಯಿ, ಮದುವೆಗೋ?”

ರಾಚವ್ವ ಇಡೀ ಬಸ್ಸಿಗೆ ಕೇಳುವಂತೆ, ಕನ್ನಡದಲ್ಲಿಯೇ ಹೇಳಿದಳು:

“ಪೊಲೀಸ್ ಠಾಣೆಗೆ ಹೋಗಿದ್ವಿ. ನಮ್ಮ ಮಗಳು ಹೇಳೂದು ಇತ್ತು, ಹೇಳಿ ಬಂದಳು. ಹನ್ನೊಂದು ಟಿಕೀಟ ಹರಿ.”

ನಿನ್ನ
ಅಖ್ತರಿ